ಸಮಾಧೀಲಿ ಸಿಕ್ಕ ‘ಉಶಬ್ತಿ’ಗೆ ಕನ್ನಡದಲ್ಲಿ ಏನಂತೀರಿ? (ಜೊತೆಗೆ ನಿಧಿ, ಮೆಟ್ಟು, ಬಿಟ್ಟಿ)

ಎಲ್ರಿಗೂ ನಮಸ್ಕಾರ,

ಹೈಸ್ಕೂಲ್ ಮಕ್ಕಳಿಗೆ ಅಂತ ಪ್ರಾಚೀನ ಈಜಿಪ್ಟಿನ ರಾಜ ಟುಟಂಖಾಮನ್ ಸಮಾಧಿ ಬಗ್ಗೆ ಒಂದು ಲೇಖನ ಬರೀತಿದ್ದೀನಿ, ‘ನಿಧಿ’ ಅನ್ನೋ ಪದದ ಹತ್ರಾನೇ ಗಾಡಿ ನಿಂತುಬಿಟ್ಟಿದೆ. 1922ರ ನವೆಂಬರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಹೊವರ್ಡ್ ಕಾರ್ಟರ್ ಆ ಸಮಾಧಿ ಪತ್ತೆ ಮಾಡಿದ್ದು, ಒಳಗಿದ್ದ ಐದು ಸಾವಿರಕ್ಕೂ ಮೇಲ್ಪಟ್ಟ ವಸ್ತುಗಳನ್ನ ಹೊರಗೆ ತಂದು ಪಟ್ಟಿ ಮಾಡೋಕೆ ಹತ್ತು ವರ್ಷ ಹಿಡಿದಿದ್ದು, ಇದೆಲ್ಲ ನಿಮಗೆ ಗೊತ್ತಿರೋದೇ. ಆದ್ರೆ ನಮ್ಮಲ್ಲಿ ನಿಧಿ ಅಂದ ಕೂಡ್ಲೇ ಕಣ್ಮುಂದೆ ಬರೋದು ಕೊಪ್ಪರಿಗೆ ತುಂಬ ಹೊನ್ನು, ಕಾಯೋಕೊಂದು ಸರ್ಪ. ಇಲ್ಲಿ ಚಿನ್ನ ಇಲ್ಲ ಅಂತಲ್ಲ, ಒಳಗಿನ ಶವಪೆಟ್ಟಿಗೆ ಒಂದೇ 110 ಕೆಜಿ ಅಪ್ಪಟ ಚಿನ್ನ, ಆದ್ರೆ ಅದೇ ಪಟ್ಟೀಲಿ ಸುಮಾರು 145 ಲಂಗೋಟಿ, 130 ಊರುಗೋಲು, ಬೆಳ್ಳುಳ್ಳಿ ಗಡ್ಡೆ, ಮಡಚಿ ಒಯ್ಯೋ ಮಂಚ, ಅಳತೆಗೆ ಸರಿಯಾಗಿ ಕೊರೆದ ಮರದ ಡಬ್ಬೀಲಿ ಬಾತುಕೋಳಿ, ಆಮೇಲೆ ವೈನ್ ಹೂಜಿಗಳು, ಅದರ ಮೇಲೆ ಯಾವ ವರ್ಷದ್ದು ಯಾವ ತೋಟದ್ದು ತಯಾರಿಸಿದ ಮುಖ್ಯಸ್ಥ ಯಾರು ಅಂತ ಈಗಿನ ಲೇಬಲ್ ಥರಾನೇ ಬರೆದಿದೆ. ಹತ್ತೊಂಬತ್ತರ ಆಸುಪಾಸಲ್ಲಿ ಸತ್ತ ಹುಡುಗ, ಲಗೇಜ್ ನೋಡಿದ್ರೆ ಮೂರು ತಲೆಮಾರು ಒಟ್ಟಿಗೆ ಕಾಶಿಗೆ ಹೊರಟಂಗಿದೆ. ಲಂಗೋಟಿಗೆ ನಿಧಿ ಅನ್ನೋಕೆ ನನಗಂತೂ ನಾಲಿಗೆ ಹೊರಳಲ್ಲ.

ಶಾಸನಗಳಲ್ಲಿ ಭೂಮಿ ದಾನ ಕೊಡೋವಾಗ ‘ನಿಧಿ ನಿಕ್ಷೇಪ ಜಲ ಪಾಷಾಣ’ ಅಂತ ಅಷ್ಟಭೋಗ (ಆ ಭೂಮಿ ಮೇಲಿನ ಎಂಟು ಬಗೆಯ ಹಕ್ಕು) ಎಣಿಸ್ತಾರಲ್ಲ, ಅದರಲ್ಲಿನ ನಿಕ್ಷೇಪ ವಾಸಿ ಅನ್ಸಿತ್ತು, ಬೇಕಂತಲೇ ಇಟ್ಟಿದ್ದು ಅನ್ನೋ ಅರ್ಥ ಬರತ್ತೆ. ಆದ್ರೆ ಪೇಪರ್‌ನೋರು ಆ ಪದಾನ ತೈಲಕ್ಕೂ ಕಲ್ಲಿದ್ದಲಿಗೂ ಬರೆದುಕೊಟ್ಟಾಗಿದೆ, ‘ಸಮಾಧಿಯಲ್ಲಿ ಭಾರಿ ನಿಕ್ಷೇಪ’ ಅಂದ್ರೆ ಮಕ್ಕಳು ಪೆಟ್ರೋಲ್ ಸಿಕ್ತು ಅನ್ಕೋತಾರೆ. ಸದ್ಯಕ್ಕೆ ‘ಸರಂಜಾಮು’ ಅಂತ ಹಾಕಿದ್ದೀನಿ. ಅಂದಹಾಗೆ ಹಳೇ ಕಾಲದಲ್ಲೇ ಒಳಗೆ ನುಗ್ಗಿದ್ದ ಕಳ್ಳರೂ ಚಿನ್ನಕ್ಕೇ ಬಾಯಿ ಬಿಟ್ಟೋರಲ್ಲ, ಸುಗಂಧದ ಎಣ್ಣೆ ಲೇಪಗಳನ್ನ ಬಳಿದುಕೊಂಡು ಹೋಗಿದ್ದಾರೆ, ಪಾತ್ರೆ ಒಳಗೆ ಬೆರಳಾಡಿಸಿದ ಗುರುತು ಹಾಗೇ ಇತ್ತು, ಬಟ್ಟೇಲಿ ಗಂಟು ಕಟ್ಟಿದ ಚಿನ್ನದ ಉಂಗುರಗಳು ಮಾತ್ರ ಅಲ್ಲೇ ಬಿದ್ದಿದ್ವು.

ಸರಿ, ಅಸಲು ಪ್ರಶ್ನೆ ಉಶಬ್ತಿದು. ಮಮ್ಮಿ (ಕೆಡದ ಹಾಗೆ ಬಟ್ಟೆ ಸುತ್ತಿಟ್ಟ ಹೆಣ) ಆಕಾರದ ಸಣ್ಣ ಬೊಂಬೆಗಳು. ಸತ್ತ ಮೇಲೂ ಆ ಲೋಕದಲ್ಲಿ ಬೇಸಾಯದ ಕೆಲಸಕ್ಕೆ ಕರೆ ಬರತ್ತಂತೆ, ಹೊಲ ಉಳಬೇಕು, ನೀರು ಹಾಯಿಸಬೇಕು, ಮರಳು ಹೊರಬೇಕು, ರಾಜ ಅಂತ ವಿನಾಯಿತಿ ಇಲ್ಲ. ಅದಕ್ಕೆ ಬದಲಿ ಆಳು. ಬೊಂಬೆ ಮೇಲೆ ಬರೆದಿರೋ ಮಂತ್ರದ ತಿರುಳು ಇಷ್ಟೇ: ನನ್ನ ಹೆಸರು ಕೂಗಿದ್ರೆ ‘ಇದ್ದೀನಿ, ನಾನು ಮಾಡ್ತೀನಿ’ ಅಂತ ನೀನು ಹೇಳು. ಪ್ರಾಕ್ಸಿ ಅಟೆಂಡೆನ್ಸು ನಮ್ಮ ಕಾಲೇಜಲ್ಲಿ ಹುಟ್ಟಿದ್ದಲ್ಲ ನೋಡಿ. ಟುಟಂಖಾಮನ್ ಹತ್ರ ಇಂಥವು 413 ಇದ್ವು, ದಿನಕ್ಕೊಂದರಂತೆ 365 ಆಳು, ಅವರದ್ದು ಹತ್ತು ದಿನದ ವಾರ ಆದ್ದರಿಂದ ವಾರಕ್ಕೊಬ್ಬ ಅಂತ 36 ಮೇಲ್ವಿಚಾರಕರು, ಅವರ ಮೇಲೆ ತಿಂಗಳಿಗೊಬ್ಬನಂತೆ ಇನ್ನೂ 12. ಬೊಂಬೆ ಮಾಡಿಟ್ಟಿದ್ದೂ ಅಲ್ದೆ ಅವು ಮೈಗಳ್ಳತನ ಮಾಡ್ತಾವೆ ಅನ್ನೋ ಗುಮಾನಿ ಬೇರೆ!

ಹಳೆ ರೂಪ ಶಬ್ತಿ, ಆಮೇಲೆ ಉಶಬ್ತಿ, ಅಂದ್ರೆ ‘ಉತ್ತರ ಕೊಡುವವನು’. ಇಲ್ಲಿ ‘ಉತ್ತರಿಸುವ ಬೊಂಬೆ’ ಅಂತ ಬರೆದ್ರೆ ಕ್ವಿಜ್‌ಗೆ ಕೂತಂಗಿರತ್ತೆ. ಕರೆದಾಗ ‘ಓ’ ಅನ್ನೋದಕ್ಕೆ ನಮ್ಮಲ್ಲಿ ‘ಓಗೊಡು’ ಅಂತ ಹೇಳಿ ಮಾಡಿಸಿದ ಪದ ಇದೆಯಲ್ಲ, ಹಾಗಾಗಿ ‘ಓಗೊಡುವ ಗೊಂಬೆ’, ಗಿಡ್ಡ ಮಾಡಿ ‘ಓಗೊಂಬೆ’. ಗೊಂಬೆ ಅಂದ್ರೆ ಆಟದ ಸಾಮಾನು ಅನ್ಕೊಳಲ್ವಾ ಅಂತ ಒಬ್ಬ ಸ್ನೇಹಿತರು ತಗಾದೆ ತೆಗೆದ್ರು, ದಸರಾದಲ್ಲಿ ಪಟ್ಟದ ಗೊಂಬೆ ಕೂರಿಸೋ ಮನೆಯವರಿಗೆ ಆ ತೊಂದ್ರೆ ಬರಲ್ಲ ಅಂತ ನನ್ನ ವಾದ. ನಿಮ್ಮ ಅಭಿಪ್ರಾಯ ಹೇಳಿ.

ಅವು ಮಾಡೋ ಕೆಲಸಕ್ಕೆ ‘ಬಿಟ್ಟಿ’ ಅಂತ ಬರೆದಿದ್ದೀನಿ, ಸಂಸ್ಕೃತದ ‘ವಿಷ್ಟಿ’ಯಿಂದ ಬಂದಿದ್ದು, ಪ್ರಭುತ್ವ ಕೂಲಿ ಕೊಡದೆ ಮಾಡಿಸ್ಕೊಳೋ ದುಡಿಮೆ, ಇಲ್ಲಿಗೆ ಪಕ್ಕಾ ಹೊಂದತ್ತೆ. ತೊಡಕೇನಂದ್ರೆ ಈಗಿನ ಮಕ್ಕಳಿಗೆ ಬಿಟ್ಟಿ ಅಂದ್ರೆ ಫ್ರೀ ಊಟ ಅಷ್ಟೇ. ‘ಬಿಟ್ಟಿ ಚಾಕರಿ’ ಅಂತ ಬಿಡಿಸಿ ಬರೆದ್ರೆ ಸಾಕಾ?

ಒಂದು ಕಡೆ ಮಾತ್ರ ಪದಕ್ಕೆ ತಡಕಾಡಲೇ ಇಲ್ಲ. ಟುಟಂಖಾಮನ್‌ನ ಮರದ ಪಾದರಕ್ಷೆ ಒಂದು ಜೊತೆ ಇದೆ, ಕಾಲಿಡೋ ಜಾಗದಲ್ಲಿ ಕೈಕಟ್ಟಿ ಹಾಕಿದ ಶತ್ರುಗಳ ಚಿತ್ರ, ಆಫ್ರಿಕಾದವನೊಬ್ಬ, ಏಷ್ಯಾದವನೊಬ್ಬ, ಹೆಜ್ಜೆ ಇಟ್ಟಾಗೆಲ್ಲ ತುಳೀಬೇಕು ಅಂತಲೇ ಮಾಡಿದ್ದು. ‘ಮೆಟ್ಟು’ ಅಂತ ಬರೆದೆ, ಮುಗೀತು, ಹಾಕ್ಕೊಳೋದೂ ಅದೇ, ತುಳಿಯೋದೂ ಅದೇ. ಚಪ್ಪಲಿ ಅಂದಿದ್ರೆ ಅರ್ಧ ತಮಾಷೆ ಹೋಗ್ತಿತ್ತು.

ಕೊನೇದಾಗಿ ಆ 48 ಮೇಲ್ವಿಚಾರಕ ಬೊಂಬೆಗಳಿಗೆ ಹೆಸರು ಬೇಕು. ಮೇಸ್ತ್ರಿ ಅಂದ್ರೆ ಗಾರೆ ಕೆಲಸ ನೆನಪಾಗತ್ತೆ, ಪಾರುಪತ್ಯಗಾರ ಅಂದ್ರೆ ದೇವಸ್ಥಾನ, ಸೂಪರ್‌ವೈಸರ್ ಅಂತ ಹಾಕೋಕೆ ಮನಸ್ಸಿಲ್ಲ. ಹೊಲದಲ್ಲಿ ಆಳುಗಳ ಬೆನ್ನ ಹಿಂದೆ ನಿಂತು ಕೆಲಸ ತೆಗೆಯೋನಿಗೆ ನಿಮ್ಮ ಕಡೆ ಏನಂತಾರೆ? ಮಲೆನಾಡು, ಕಲ್ಯಾಣ ಕರ್ನಾಟಕದ ಕಡೆಯೋರು ದಯವಿಟ್ಟು ಹೇಳಿ, ಕೇಳೋಕೆ ಸ್ವಲ್ಪ ಬೈಗುಳದ ಥರ ಇದ್ರೂ ಪರವಾಗಿಲ್ಲ.