ಅಪ್‌ಡೇಟ್: ಕೊನೆಗೂ ಪೇರ್‌ಲ್ಯಾಂಡ್‌ನಲ್ಲಿ ಮನೆ ತಗೊಂಡೆವು

ಮಗಳ ಹೃದಯದ ಚಿಕಿತ್ಸೆಗಾಗಿ ಹ್ಯೂಸ್ಟನ್‌ಗೆ ಬರ್ತಿದ್ದೇವೆ, ಊರ ಹೊರವಲಯದ ಕೇಟಿಯಲ್ಲಿ ಮನೆ ತಗೊಳ್ಳೋದಾ ಪೇರ್‌ಲ್ಯಾಂಡ್‌ನಲ್ಲಾ, ಆಸ್ತಿ ತೆರಿಗೆ ನೋಡಿ ಭಯ ಆಗ್ತಿದೆ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಖುಷಿಪಟ್ಟಿದ್ದೆವು. ಆ ಭಾರ ಮನೆ ಮೇಲೆ ಬೀಳುತ್ತದೆ ಅಂತ ಆಮೇಲೆ ಗೊತ್ತಾಯಿತು. ನೀವು ಎಚ್ಚರಿಸಿದ ಮಡ್ (MUD, ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್) ತೆರಿಗೆಯನ್ನು ಮೊದಲು ನೋಡಿದೆ. ಹೊಸ ಬಡಾವಣೆಗೆ ನೀರು, ಚರಂಡಿ ಹಾಕಲು ಮಾಡಿದ ಸಾಲವನ್ನು ಅಲ್ಲಿನವರೇ ತೀರಿಸುವ ತೆರಿಗೆ ಅದು. ಪಕ್ಕಪಕ್ಕದ ಬಡಾವಣೆಗಳಲ್ಲೇ ದರ ಬೇರೆ! ಸಾಲ ಬಹುಪಾಲು ತೀರಿದ ಹಳೆ ಬಡಾವಣೆಯನ್ನೇ ಹುಡುಕಿದೆವು.

ಇನ್ನೊಂದು ವಿಷಯ. ಮಾರುವವರ ತೆರಿಗೆ ಬಿಲ್ ನೋಡಿ ಲೆಕ್ಕ ಹಾಕಬೇಡಿ. ವಾಸದ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ 10%ಗಿಂತ ಜಾಸ್ತಿ ಏರದಂತೆ ಅವರಿಗೆ ಮಿತಿ ಇರುತ್ತದೆ. ಮನೆ ಕೈಬದಲಾದ ಮೇಲೆ ಆ ರಕ್ಷಣೆ ಹೋಗುತ್ತದೆ. ಸ್ವಂತ ವಾಸದ ಮನೆಗೆ ಸಿಗುವ ತೆರಿಗೆ ರಿಯಾಯಿತಿ, ಅಂದರೆ ಹೋಮ್‌ಸ್ಟೆಡ್ ವಿನಾಯಿತಿಗೆ ನಾವೇ ಅರ್ಜಿ ಹಾಕಬೇಕು. 2025ರಿಂದ ಆಸ್ತಿ ತೆರಿಗೆಯಲ್ಲಿ ಶಾಲೆಗಳಿಗೆ ಹೋಗುವ ಭಾಗವನ್ನು ಲೆಕ್ಕ ಹಾಕುವಾಗ ಮನೆಯ ಮೌಲ್ಯದಲ್ಲಿ 1,40,000 ಡಾಲರ್ ಕಳೆಯುತ್ತಾರೆ. ಅಂಗವೈಕಲ್ಯದ ವಿನಾಯಿತಿ ಮಾತ್ರ ಮನೆ ಮಾಲೀಕರಿಗೇ ಅಂಗವೈಕಲ್ಯ ಇದ್ದರೆ ಸಿಗುತ್ತದೆ, ಮಗುವಿನ ಹೆಸರಲ್ಲಿ ಸಿಗಲ್ಲ. ಇದನ್ನು ಓದಿದಾಗ ಬೇಜಾರಾಯಿತು.

ಕೇಟಿಯಲ್ಲಿ ಇಷ್ಟೇ ದುಡ್ಡಿಗೆ ದೊಡ್ಡ ಮನೆ ಸಿಗ್ತಿತ್ತು. ಆದರೆ ರಾತ್ರಿ ಹೊತ್ತು ಅವಳಿಗೆ ಉಸಿರು ಕಟ್ಟಿದರೆ ಅಷ್ಟು ದೂರ ಓಡಿಸೋದು ಹೇಗೆ, ಅಲ್ವಾ? ಇಲ್ಲಿಂದ 288 ಹೆದ್ದಾರಿಯಲ್ಲಿ ನೇರ ಆಸ್ಪತ್ರೆಗಳಿರುವ ಮೆಡಿಕಲ್ ಸೆಂಟರ್. ಮೊನ್ನೆ ತಪಾಸಣೆ ಮುಗಿಸಿ ಬರುವಾಗ ಅವಳು ಕಾರಿನಲ್ಲಿ ನಿದ್ದೆ ಹೋಗುವ ಮೊದಲೇ ಮನೆ ಬಂದಿತ್ತು.