ಮೇ 1ರ ರಜೆ, ಊರಿನ ಬಿಸಿಲು: ಡಾಕ್ಟರ್ ಮೇಡಂಗೆ ಕೇಳಿ

ಅಡ್ಮಿನ್, ರಾಯಚೂರು: ಈ ಸಲ ಮೇ 1 ಶುಕ್ರವಾರ ಬಂದಿದೆ. ಕಾರ್ಮಿಕರ ದಿನ, ಬುದ್ಧ ಪೂರ್ಣಿಮೆ ಎರಡೂ ಅವತ್ತೇ. ಶನಿವಾರ ಒಂದು ರಜೆ ಹಾಕಿದವರಿಗೆ ಮೂರು ದಿನ ಸಿಗುತ್ತದೆ. ಬೆಂಗಳೂರು ಕಡೆಯಿಂದ ಬಹಳ ಜನ ಊರಿಗೆ ಬರುತ್ತಾರೆ. ಬಿಸಿಲಿನ ಬಗ್ಗೆ ಏನಾದರೂ ಕೇಳುವುದಿದ್ದರೆ ಇಲ್ಲೇ ಕೇಳಿ. ಮೇಡಂ ಬಿಡುವಾದಾಗ ಉತ್ತರ ಕೊಡುತ್ತಾರೆ.

ಮಾನ್ವಿ ಸದಸ್ಯೆ: ಮೇಡಂ, ಓಆರ್‌ಎಸ್ ಮನೆಯಲ್ಲಿ ಮಾಡೋದು ಹೇಗೆ?

ಡಾಕ್ಟರ್: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆ ಸಮ ಇರಲಿ, ಗುಡ್ಡೆ ಬೇಡ. ಅಂಗಡಿಯ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು ಹಾಕಿ. ಡಬ್ಬಿಯಲ್ಲಿ ಬರುವ ಸಿಹಿ ಜ್ಯೂಸ್ ಓಆರ್‌ಎಸ್ ಅಲ್ಲ. ಅಂಥವನ್ನು ಆ ಹೆಸರಿನಲ್ಲಿ ಮಾರಬಾರದು ಅಂತ 2025ರ ಅಕ್ಟೋಬರ್‌ನಲ್ಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿದೆ.

ಲಿಂಗಸುಗೂರು ಸದಸ್ಯ: ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಅಂತಾರೆ. ನಿಜಾನಾ ಮೇಡಂ?

ಡಾಕ್ಟರ್: ಇಲ್ಲ. ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ನೀರಿನ ಬಾಟಲಿ ಹಿಡಿಯಿರಿ.

ಕೊಪ್ಪಳ ಸದಸ್ಯೆ: ಶನಿವಾರ ಮಕ್ಕಳನ್ನು ಸಾಣಾಪುರ ಕೆರೆಗೆ ಕರೆದುಕೊಂಡು ಹೋಗಬೇಕು ಅಂತ ಇದ್ದೇವೆ. ಚಿಕ್ಕವನಿಗೆ ಎರಡು ವರ್ಷ. ಎಷ್ಟು ಹೊತ್ತಿಗೆ ಹೋದರೆ ಒಳ್ಳೇದು?

ಸಿಂಧನೂರು ಸದಸ್ಯ (ರೈಸ್ ಮಿಲ್): ನಾಳೆ ನಮ್ಮಲ್ಲಿ ಲೋಡಿಂಗ್ ಇದೆ. ಹಮಾಲರಿಗೆ ಏನು ಕುಡಿಸಬೇಕು?

ಡಾಕ್ಟರ್: ಏನು ಕುಡಿಸಬೇಕು ಅನ್ನುವುದಕ್ಕಿಂತ ಯಾವಾಗ ದುಡಿಸಬೇಕು ಅನ್ನುವುದು ಮುಖ್ಯ. ಬೆಳಗ್ಗೆ 5ಕ್ಕೆ ಶುರು ಮಾಡಿ, 11ಕ್ಕೆ ನಿಲ್ಲಿಸಿ. ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು, ನಡುವೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿ. ಹೊಸದಾಗಿ ಬಂದವರಿಗೆ ಮೊದಲ ದಿನವೇ ಪೂರ್ತಿ ಕೆಲಸ ಕೊಡಬೇಡಿ. ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಇನ್ನೊಂದು ಮಾತು. ಸಂಜೆ ಮೈಕೈ ನೋವಿಗೆ ಡೈಕ್ಲೋಫೆನಾಕ್ ನುಂಗಿ ಮಲಗುವ ರೂಢಿ ನಮ್ಮ ಕಡೆ ಬಹಳ. ಮೈಯಲ್ಲಿ ನೀರು ಕಡಿಮೆಯಾದಾಗ ಆ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡುತ್ತದೆ.

ಶಕ್ತಿನಗರ ಸದಸ್ಯ: ಮೊದಲು ನಾಳೆ ರಜೆ ಕೊಡ್ರಿ ಸಾಹುಕಾರ್ರೇ. ಹಬ್ಬದ ರಜೆಗಳ 1963ರ ಕಾಯ್ದೆಯಲ್ಲಿ ಮೇ 1 ಇದೆ. ದುಡಿಸಿದರೆ ಎರಡು ಪಟ್ಟು ಕೂಲಿ, ಇಲ್ಲವೇ ಅವತ್ತಿನ ಕೂಲಿ ಕೊಟ್ಟು ಬೇರೆ ದಿನ ಸಂಬಳದ ರಜೆ.

ಸಿಂಧನೂರು ಸದಸ್ಯ: ಲಾರಿ ಬಂದು ನಿಂತಿದೆ. ಅದರ ಬಾಡಿಗೆ ನೀವು ಕಟ್ಟುತ್ತೀರಾ? ಅವರೇ ಕೆಲಸ ಬೇಕು ಅಂತ ಬರುತ್ತಾರೆ.

ಶಕ್ತಿನಗರ ಸದಸ್ಯ: ಹೊಟ್ಟೆಗಿಲ್ಲದೆ ಬರುತ್ತಾರೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30. ಫ್ಯಾನಿನ ಕೆಳಗೆ ಕೂತವರಿಗೇ ಬಿಸಿಲು ತಡೆಯಲ್ಲ ಅಂದರೆ, ಮೂಟೆ ಹೊರುವವರದು ಮೈ ಅಲ್ವಾ?

ದೇವದುರ್ಗ ಸದಸ್ಯ: ಓಆರ್‌ಎಸ್ ಮನೆಯಲ್ಲಿ ಹೇಗೆ ಮಾಡೋದು?

ಡಾಕ್ಟರ್: ಮೇಲಿದೆ. ಓದಿ.

(ಶುಕ್ರವಾರ, ಸಂಜೆ 4.10)

ಬೆಂಗಳೂರಿನಿಂದ ಬಂದ ಸದಸ್ಯ: ಮೇಡಂ, ಈಗ ಗಂಗಾವತಿಯಲ್ಲಿ ಅತ್ತೆ ಮನೆಯಲ್ಲಿದ್ದೇವೆ. ಅಪ್ಪನಿಗೆ 68 ವರ್ಷ. ಬೆಳಗ್ಗೆ 11ಕ್ಕೆ ಅಂಜನಾದ್ರಿ ಹತ್ತಿದರು, ಇಳಿಯುವಾಗ ಒಂದು ದಾಟಿತ್ತು. ಸುಸ್ತು ಅಂತ ಮಲಗಿದ್ದಾರೆ. ಒಂದು ಸಲ ವಾಂತಿ ಆಯಿತು. ಮೈ ಬಿಸಿ ಇದೆ, ಪ್ಯಾರಾಸಿಟಮಾಲ್ ಕೊಟ್ಟಿದ್ದೇವೆ. ಸ್ವಲ್ಪ ಏನೇನೋ ಮಾತಾಡುತ್ತಾರೆ. ರಾತ್ರಿಗೆ ಇನ್ನೊಂದು ಮಾತ್ರೆ ಕೊಡಬಹುದಾ?

ಡಾಕ್ಟರ್: ಮಾತ್ರೆ ಬೇಡ. ಈಗಲೇ 108ಕ್ಕೆ ಫೋನ್ ಮಾಡಿ. ಏನೇನೋ ಮಾತಾಡುತ್ತಾರೆ ಅಂದಿರಲ್ಲ, ನನಗೆ ಭಯ ಅದರದ್ದೇ. ಬರೀ ಸುಸ್ತಲ್ಲ ಇದು, ಬಿಸಿಲಿನ ಹೊಡೆತ ಮಿದುಳಿಗೆ ತಗುಲಿದೆ. ಗಾಡಿ ಬರುವವರೆಗೆ ಅಂಗಿ ಬಿಚ್ಚಿ ಮೈಯೆಲ್ಲ ನೀರು ಸುರಿಯಿರಿ, ಜೋರಾಗಿ ಫ್ಯಾನ್ ಹಾಕಿ. ಒಣ ಮೈಗೆ ಫ್ಯಾನ್ ಹಾಕಿದರೆ ಈ ಸೆಕೆಯಲ್ಲಿ ಬರೀ ಬಿಸಿಗಾಳಿ ಬಡಿಯುತ್ತದೆ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕಂಕುಳ, ಕುತ್ತಿಗೆ, ತೊಡೆಸಂದಿಗೆ ಇಡಿ. ಎಚ್ಚರ ಸರಿ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರಾ? ಯಾವುದು?

ಬೆಂಗಳೂರಿನಿಂದ ಬಂದ ಸದಸ್ಯ: ಮೂತ್ರ ಹೋಗುವ ಮಾತ್ರೆಯೂ ಸೇರಿರುವುದು. ಆದರೆ ಬೆವರು ಬರುತ್ತಿದೆ ಮೇಡಂ, ಅಂದರೆ ಪರವಾಗಿಲ್ಲ ಅಲ್ವಾ? ಬಿಸಿ ಮೈಗೆ ತಣ್ಣೀರು ಬಿದ್ದರೆ ನರ ಸಿಡಿಯುತ್ತದೆ ಅಂತ ಅತ್ತೆ ಬಿಡುತ್ತಿಲ್ಲ. ಅವರಿಗೆ ವಾಟ್ಸಾಪ್‌ನಲ್ಲಿ ಬಂದಿದೆಯಂತೆ.

ಡಾಕ್ಟರ್: ಬೆವರು ಇದ್ದರೂ ಹೊಡೆತ ಹೊಡೆತವೇ. ನರ ಸಿಡಿಯುವುದಿಲ್ಲ. ಫೋನ್ ಅತ್ತೆಯ ಕೈಗೆ ಕೊಡಿ, ಇದನ್ನು ಅವರೇ ಓದಲಿ. ಅಮ್ಮಾ, ನೀರು ಹಾಕಲು ಬಿಡಿ. ಒಂದೊಂದು ನಿಮಿಷ ತಡವಾದಷ್ಟೂ ಅವರ ಮಿದುಳು, ಕಿಡ್ನಿ ಬೇಯುತ್ತಿವೆ.

ಸಿಂಧನೂರು ಸದಸ್ಯ: ಬೇರೆಯವರ ಮಿಲ್ಲಿನ ಲೆಕ್ಕ ಕೇಳುವ ಮೊದಲು ನೀವೊಂದು ಮಿಲ್ ನಡೆಸಿ ನೋಡಿ.

ಡಾಕ್ಟರ್: ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಇಲ್ಲಿ ಒಬ್ಬರ ಜೀವ ಇದೆ.

(5.35)

ಬೆಂಗಳೂರಿನಿಂದ ಬಂದ ಸದಸ್ಯ: ಆಸ್ಪತ್ರೆಗೆ ಬಂದೆವು. ಜ್ವರ ನೋಡಿದಾಗ 104 ಮೇಲಿತ್ತು. ಐಸ್ ಇಟ್ಟು ಡ್ರಿಪ್ ಹಾಕಿದ್ದಾರೆ. ಈಗ ನನ್ನ ಹೆಸರು ಹಿಡಿದು ಕರೆದರು. ಅಪ್ಪ ಹುಟ್ಟಿದ್ದೇ ಮಸ್ಕಿಯಲ್ಲಿ, ಬಿಸಿಲು ಹೊಸದಲ್ಲ ಅಂತ ನಾವೂ ಸುಮ್ನೆ ಇದ್ದೆವು.

ಡಾಕ್ಟರ್: ಕರೆದರಾ? ಒಳ್ಳೆಯದಾಯಿತು. ಅಪ್ಪ ನಿಮ್ಮ ಜೊತೆ ಬೆಂಗಳೂರಿನಲ್ಲಿ ಎಷ್ಟು ದಿನದಿಂದ ಇದ್ದಾರೆ?

ಬೆಂಗಳೂರಿನಿಂದ ಬಂದ ಸದಸ್ಯ: ದೀಪಾವಳಿಯಿಂದ.

ಡಾಕ್ಟರ್: ಅದೇ ನೋಡಿ. ಎಲ್ಲರೂ ಓದಿ ಇದನ್ನು. ಬಿಸಿಲು ತಡೆಯುವ ಶಕ್ತಿ ಹುಟ್ಟಿದ ಊರಿನಿಂದ ಬರುವುದಿಲ್ಲ, ದಿನಾ ಬಿಸಿಲಲ್ಲಿ ಓಡಾಡುವುದರಿಂದ ಬರುತ್ತದೆ. ತಂಪು ಊರಲ್ಲಿ ಕೆಲವು ವಾರ ಇದ್ದರೆ ಸಾಕು, ಹೋಗಿಬಿಡುತ್ತದೆ. ಈ ರಜೆಗೆ ಬಂದಿರುವ ನಿಮ್ಮ ಮಕ್ಕಳು, ಅಪ್ಪ ಅಮ್ಮ ಎಲ್ಲರೂ ರಾಯಚೂರಿನ ಬಿಸಿಲಿಗೆ ಹೊಸಬರೇ. ಅಂಜನಾದ್ರಿಗೆ 575 ಮೆಟ್ಟಿಲು. ಮೂತ್ರ ಹೋಗುವ ಮಾತ್ರೆ ನುಂಗಿದ ಮೈಯಲ್ಲಿ ನೀರು ಮೊದಲೇ ಕಡಿಮೆ. ಸೂರ್ಯ ಹುಟ್ಟುವಾಗ ಹತ್ತಿ, ಇಲ್ಲವೇ ಕೆಳಗಿಂದಲೇ ಕೈ ಮುಗಿಯಿರಿ. ಹಾಗಂತ ಬಿಪಿ ಮಾತ್ರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಜ್ವರದ ಮಾತ್ರೆ ಈ ಬಿಸಿಗೆ ಕೆಲಸ ಮಾಡುವುದಿಲ್ಲ. ಇದು ಸೋಂಕಿನ ಜ್ವರವಲ್ಲ.

ಗಂಗಾವತಿ ತಮ್ಮಾ, ರಾತ್ರಿ ಮೂತ್ರ ಎಷ್ಟು ಹೋಯಿತು ಅಂತ ನರ್ಸ್‌ಗೆ ಕೇಳುತ್ತಿರು. ಕಡಿಮೆ ಇದ್ದರೆ, ಬಣ್ಣ ಕಂದು ಇದ್ದರೆ ತಕ್ಷಣ ಡಾಕ್ಟರಿಗೆ ಹೇಳು.

ಲಿಂಗಸುಗೂರು ಸದಸ್ಯ: ಫಾರ್ವರ್ಡ್ ಬಂದಿದೆ. ಬಿಸಿಲು ಬಡಿದರೆ ಅಂಗಾಲಿಗೆ ಉಳ್ಳಾಗಡ್ಡಿ ರಸ ಹಚ್ಚಿ, ಅರ್ಧ ಗಂಟೆ ನೀರು ಮುಟ್ಟಿಸಬಾರದು. ಎಲ್ಲರಿಗೂ ಕಳಿಸಿ.

ಡಾಕ್ಟರ್: ಅಡ್ಮಿನ್, ಇದನ್ನು ತೆಗೆಯಿರಿ. ಆ ಅರ್ಧ ಗಂಟೆಯಲ್ಲೇ ಜನ ಸಾಯುತ್ತಾರೆ.

ಲಿಂಗಸುಗೂರು ಸದಸ್ಯ: ನಮ್ಮ ಹಿರಿಯರೆಲ್ಲ ದಡ್ಡರಾ ಹಾಗಾದರೆ? ನಾಲ್ಕು ಅಕ್ಷರ ಕಲಿತ ಕೂಡಲೇ...

ಮಾನ್ವಿ ಸದಸ್ಯೆ: ಅಣ್ಣಾ, ಮೇಲೆ ಏನಾಯಿತು ಅಂತ ಓದಿದಿರಾ? ಮೊದಲು ಓದಿ.

ದೇವದುರ್ಗ ಸದಸ್ಯ: ಸಕ್ಕರೆ ಕಾಯಿಲೆ ಇದ್ದವರು ಓಆರ್‌ಎಸ್ ಕುಡಿಯಬಹುದಾ?

ಡಾಕ್ಟರ್: ವಾಂತಿ, ಭೇದಿ, ಜಾಸ್ತಿ ಬೆವರು ಆದಾಗ ಕುಡಿಯಬಹುದು, ಶುಗರ್ ನೋಡಿಕೊಳ್ಳುತ್ತಾ. ಸುಮ್ನೆ ದಾಹಕ್ಕೆ ಬೇಡ, ನೀರು ಸಾಕು. ನಾನಿನ್ನು ವಾರ್ಡ್‌ಗೆ ಹೋಗಬೇಕು.

ಕೊಪ್ಪಳ ಸದಸ್ಯೆ: ಮೇಡಂ, ಸಾಣಾಪುರ ಕೇಳಿದ್ದೆ...

ಸಿಂಧನೂರು ಸದಸ್ಯ: ಇವತ್ತು 11ಕ್ಕೇ ಲೋಡಿಂಗ್ ನಿಲ್ಲಿಸಿದೆ ಮೇಡಂ. ಉಳಿದದ್ದು ನಾಳೆ ಬೆಳಗ್ಗೆ 5ಕ್ಕೆ.

ಶಕ್ತಿನಗರ ಸದಸ್ಯ: ಕೂಲಿ ಎಷ್ಟು ಕೊಟ್ಟಿರಿ, ಅದನ್ನು ಹೇಳಿ.