ತೂಕವಿಲ್ಲದ ಕಾಗದ

ಸಂಕ್ರಾಂತಿಗೆ ಇನ್ನೆರಡು ವಾರ ಇತ್ತು. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಸುತ್ತ ನಾಲ್ಕು ಜನ ಕೂತಿದ್ದೆವು. ಈ ಸಲ ಫೋನಿನಲ್ಲಿ ಎಳ್ಳು-ಬೆಲ್ಲದ ಚಿತ್ರ ತಳ್ಳುವುದು ಬೇಡ, ಕಾರ್ಡನ್ನು ಕೈಯಾರೆ ಮಾಡಿ ಅಂಚೆಗೆ ಹಾಕೋಣ ಅಂತ ಮೊದಲು ಹೇಳಿದ್ದು ಯಾರು ಅನ್ನುವುದನ್ನು ಈಗ ಯಾರೂ ಒಪ್ಪಿಕೊಳ್ಳುತ್ತಿಲ್ಲ. ನಾನಂತೂ ಅಲ್ಲ.

"ಕಾಗದ ಕೊಂಡಾಯ್ತು," ಅಂದೆ. "12 ಡಿಸೈನ್, ಬರೀ 150 ರೂಪಾಯಿ."

"ಎಲ್ಲಿ, ಕೊಡು ನೋಡೋಣ," ಅಂತ ಮೇಲಿನ ಮನೆಯ ಪದ್ದಕ್ಕ ಕೈ ಚಾಚಿದರು.

ಮೊಬೈಲ್ ಕೊಟ್ಟೆ. ಕನ್ನಡಕ ಏರಿಸಿ ನೋಡಿದರು. ಮೊಬೈಲನ್ನು ತಿರುವಿ ಅದರ ಬೆನ್ನನ್ನೂ ನೋಡಿದರು.

"ಹೂವು ಚೆನ್ನಾಗಿದೆ. ಕಾಗದ ಎಲ್ಲಿ?"

"ಅದೇ ಕಾಗದ. ಡಿಜಿಟಲ್ ಪೇಪರ್."

"ಅಂಗಡಿಯವನು ಕೈಗೆ ಏನು ಕೊಟ್ಟ?"

"ಲಿಂಕ್."

"150 ರೂಪಾಯಿಗೆ ಒಂದು ಗ್ರಾಂ ತೂಕವೂ ಬರಲಿಲ್ವಾ?"

ಪದ್ದಕ್ಕ ಧಾರವಾಡದವರು. ಅವರ ಮಾತನ್ನು ಅವರ ಹಾಗೇ ಬರೆಯುವ ಧೈರ್ಯ ನನಗಿಲ್ಲ. ಒಂದು ದೀರ್ಘ ತಪ್ಪಿದರೂ ವರ್ಷಪೂರ್ತಿ ನಗುತ್ತಾರೆ. ಹಾಗಾಗಿ ಇಲ್ಲಿ ಅವರಿಂದ ಬೆಂಗಳೂರು ಕನ್ನಡವನ್ನೇ ಆಡಿಸಿದ್ದೇನೆ. ರಾಗ ನೀವೇ ಸೇರಿಸಿಕೊಳ್ಳಿ.

ನಮ್ಮಲ್ಲಿ ಕಾರ್ಡ್ ಪಂಡಿತೆ ಅಂದರೆ ಸುಮಾ. ಅವಳು ಬಿಡಿಸಿ ಹೇಳಿದಳು. "ಬಟ್ಟೆ ಅಂಗಡಿಯಲ್ಲಿ ಥಾನಿನಿಂದ ಎರಡು ಮೀಟರ್ ಹರಿಸಿಕೊಳ್ಳುತ್ತೀವಲ್ಲ, ಹಾಗೇ ಇದು. ಆದರೆ ಈ ಥಾನು ಮುಗಿಯುವುದೇ ಇಲ್ಲ. ಎಷ್ಟು ಸಲ ಬೇಕಾದರೂ ಪ್ರಿಂಟ್ ಹಾಕಿಕೊಳ್ಳಬಹುದು."

"ಥಾನು ಮುಗಿಯಲ್ಲ. ಶಾಯಿ ಮುಗಿಯುತ್ತೆ," ಅಂದರು ಪದ್ದಕ್ಕ. ಆಗಲೇ ಇವರ ಮಾತು ಕೇಳಬೇಕಿತ್ತು.

ಮೊದಲ ಹಾಳೆ ಹೊರಬಂತು. ಪರದೆಯ ಮೇಲೆ ನಿಂಬೆಹಣ್ಣಿನಷ್ಟಿದ್ದ ಹೂವು ಅಡಿಕೆಯಷ್ಟಾಗಿತ್ತು. ಹಾಳೆಯ ಕೆಳಗೆ ಅರ್ಧ ಗೇಣಿನಷ್ಟು ಜಾಗ ಖಾಲಿ. ಪ್ರಿಂಟರ್‌ಗೆ ಹಸಿವಿಲ್ಲದೆ ಅರ್ಧಕ್ಕೇ ಎದ್ದುಹೋದ ಹಾಗೆ.

ಸುಮಾ ತಲೆ ಚಚ್ಚಿಕೊಂಡಳು. ಈ ಡಿಜಿಟಲ್ ಪೇಪರ್‌ಗಳು ಸಾಮಾನ್ಯವಾಗಿ 12 ಇಂಚು ಚೌಕ ಇರುತ್ತವೆ. ಸ್ಕ್ರ್ಯಾಪ್‌ಬುಕ್ ಮಾಡುವವರ ಆಲ್ಬಮ್ ಅಳತೆ ಅದು. ಇಂಚಿಗೆ 300 ಚುಕ್ಕಿ, ಅಂದರೆ ಒಂದೊಂದು ಬದಿಗೆ 3600. ನಮ್ಮ ಪ್ರಿಂಟರ್ ನುಂಗುವುದು ಎ4. ಅದರ ಅಗಲ 21 ಸೆಂಟಿಮೀಟರ್, ಎಂಟೂಕಾಲು ಇಂಚು. 'ಫಿಟ್ ಟು ಪೇಜ್' ಅಂತ ಬಿಟ್ಟರೆ ಅದು ದೊಡ್ಡ ಚೌಕವನ್ನು ಹಿಂಡಿ ಹಿಪ್ಪೆ ಮಾಡಿ ಅಷ್ಟರಲ್ಲೇ ಕೂರಿಸುತ್ತದೆ. 'ಆ್ಯಕ್ಚುಯಲ್ ಸೈಜ್' ಅಂತ ಕೊಟ್ಟು, ಹೆಚ್ಚಾದದ್ದನ್ನು ಕತ್ತರಿಸಿ ಬಿಡಬೇಕು. ಹೂವಿನ ಗಾತ್ರ ಉಳಿಯುತ್ತದೆ.

"ಎ4 ಅಂದರೆ ಏನು ಅಂತ ಗೊತ್ತಾ?" ಅಂತ ರಾಜೀವ ಶುರು ಮಾಡಿದ. ಇವನಿಗೆ ಲೆಕ್ಕ ಅಂದರೆ ಬೇರೆಯವರಿಗೆ ಬೋಂಡಾ ಇದ್ದ ಹಾಗೆ. "ಒಂದು ಚದರ ಮೀಟರ್ ಹಾಳೆಯನ್ನು ನಾಲ್ಕು ಸಲ ಅರ್ಧ ಮಾಡಿದರೆ ಎ4. ಅಂದರೆ 16ರಲ್ಲಿ ಒಂದು ಪಾಲು. ಎಷ್ಟು ಸಲ ಅರ್ಧ ಮಾಡಿದರೂ ಆಕಾರ ಕೆಡುವುದಿಲ್ಲ. ಜರ್ಮನಿಯವರು 1922ರಲ್ಲೇ ಇದನ್ನು ಗೊತ್ತುಮಾಡಿದರು."

"ಇದರಿಂದ ಕಾರ್ಡ್‌ಗೆ ಏನು ಉಪಯೋಗ?"

"ಏನಿಲ್ಲ. ಸುಮ್ನೆ ತಿಳಿದಿರಲಿ."

(ಉಪಯೋಗ ಇತ್ತು. ಅದು ಎರಡು ವಾರ ತಡವಾಗಿ ಬಂತು.)

ಎರಡನೇ ಹಾಳೆಯಲ್ಲಿ ಹೂವು ಸರಿಯಾದ ಗಾತ್ರಕ್ಕೆ ಬಂತು. ಬಣ್ಣ ಬರಲಿಲ್ಲ. ಪರದೆಯಲ್ಲಿ ಗಿಣಿ ಹಸಿರು, ಹಾಳೆಯಲ್ಲಿ ಮೂರು ದಿನದ ಹಿಂದಿನ ಕೊತ್ತಂಬರಿ ಸೊಪ್ಪು. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸಿ ತಾನೇ ಹೊಳೆಯುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ನಾಲ್ಕು ಶಾಯಿಯಲ್ಲಿ ಸಂಸಾರ ತೂಗಿಸಬೇಕು. ಮದುವೆ ಮನೆಯ ಸ್ಟುಡಿಯೋ ಫೋಟೋಗೂ ಆಧಾರ್ ಕಾರ್ಡಿನ ಫೋಟೋಗೂ ಇರುವ ಅಂತರ ಅಂದುಕೊಳ್ಳಿ. ಆದರೂ ಸ್ವಲ್ಪ ಉಪಾಯ ಇದೆ. ಪ್ರಿಂಟರ್‌ಗೆ ನಾವು ಯಾವ ಬಗೆಯ ಕಾಗದ ಇಟ್ಟಿದ್ದೇವೆ ಅಂತ ಹೇಳಬೇಕು. ಹೊಳಪಿಲ್ಲದ ಮ್ಯಾಟ್ ಕಾಗದ ಇಟ್ಟು 'ಪ್ಲೇನ್' ಅಂತಲೇ ಬಿಟ್ಟರೆ ಅದು ಜಿಪುಣನ ಹಾಗೆ ಶಾಯಿ ಚಿಮುಕಿಸುತ್ತದೆ. 'ಮ್ಯಾಟ್' ಅಂತ ಹೇಳಿದ ಮೇಲೆ ಕೊತ್ತಂಬರಿಗೆ ಸ್ವಲ್ಪ ಜೀವ ಬಂತು.

ಮ್ಯಾಟ್ ಕಾಗದಕ್ಕೆ ಮುಖ-ಬೆನ್ನು ಬೇರೆ ಇರುತ್ತದೆ ಅನ್ನುವುದು ಆರು ಹಾಳೆ ಬೆನ್ನಿಗೆ ಹೊಡೆಸಿದ ಮೇಲೆ ಗೊತ್ತಾಯಿತು. ಆ ವಿಷಯ ಇಲ್ಲಿಗೆ ಬಿಡೋಣ.

ಅಷ್ಟರಲ್ಲಿ ಟೀ ಬಂತು. ಸುಮಾ ಕಾರ್ಡಿನ ಪುರಾಣ ತೆಗೆದಳು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅನ್ನುವವರಿಗೆ ಕ್ರಿಸ್‌ಮಸ್ ಪತ್ರ ಬರೆಯಲು ಪುರುಸೊತ್ತಿರಲಿಲ್ಲವಂತೆ. ಹಾರ್ಸ್ಲಿ ಅನ್ನುವ ಚಿತ್ರಕಾರರಿಂದ ಚಿತ್ರ ಬರೆಸಿ, 1000 ಕಾರ್ಡ್ ಅಚ್ಚು ಹಾಕಿಸಿದರು. ಉಳಿದದ್ದನ್ನು ಒಂದು ಶಿಲಿಂಗ್‌ಗೆ ಒಂದರಂತೆ ಮಾರಿದರು.

ಪದ್ದಕ್ಕ ಬಸಿಯಿಂದ ಟೀ ಸುರಿದುಕೊಂಡು ಕೇಳಿದರು. "ಅವನು ಪುರುಸೊತ್ತಿಲ್ಲ ಅಂತ ಅಚ್ಚು ಹಾಕಿಸಿದ. ನೀವು ಪುರುಸೊತ್ತಿಲ್ಲದವರು ಯಾಕೆ ಕೈಯಲ್ಲಿ ಮಾಡ್ತಿದ್ದೀರಿ?"

ಯಾರೂ ಉತ್ತರ ಕೊಡಲಿಲ್ಲ. ಬಿಸ್ಕತ್ತು ಹಂಚಿದೆ.

ಕಾರ್ಡಿನ ಮೈಗೆ ಅವೆನ್ಯೂ ರಸ್ತೆಯಿಂದ 250 ಜಿಎಸ್ಎಂ, ಅಂದರೆ ಚದರ ಮೀಟರಿಗೆ 250 ಗ್ರಾಂ ತೂಗುವ ಹಾಳೆ ತಂದಿದ್ದೆವು. ಎ4 ಹಾಳೆಯನ್ನು ಅರ್ಧಕ್ಕೆ ಮಡಚಿದರೆ ಒಂದು ಕಾರ್ಡ್. ಕೆಲವು ಗೆರೆ ಹೊಡೆದಂತೆ ಮಡಚಿಕೊಂಡವು, ಕೆಲವು ಪರಪರ ಅಂತ ಸೀಳು ಬಿಟ್ಟವು. ಕಾಗದಕ್ಕೂ ನಾರು ಓಡುವ ದಿಕ್ಕು ಇದೆಯಂತೆ. ಬಾಳೆ ಎಲೆಯನ್ನು ಗೆರೆಯ ಜೊತೆ ಸೀಳಿದರೆ ನೀಟಾಗಿ ಬರುತ್ತದೆ, ಅಡ್ಡಕ್ಕೆ ಸೀಳಿದರೆ ಚಿಂದಿ. ಇದೂ ಹಾಗೇ. ಮಡಚುವ ಮೊದಲು ಶಾಯಿ ಮುಗಿದ ಬಾಲ್ ಪೆನ್ನಿನಿಂದ ಸ್ಕೇಲ್ ಹಿಡಿದು ಒಂದು ಗೀಟು ಒತ್ತಿದರೆ ಅರ್ಧ ಜಗಳ ಮುಗಿಯುತ್ತದೆ. ಇದಕ್ಕೆ ಅಂತಲೇ ಆನ್‌ಲೈನಿನಲ್ಲಿ ಮೂಳೆಯಂಥ ಒಂದು ಸಾಧನ ಮಾರುತ್ತಾರೆ. ಖಾಲಿ ಪೆನ್ ಎಲ್ಲರ ಮನೆಯಲ್ಲೂ ಡಜನ್‌ಗಟ್ಟಲೆ ಇರುವಾಗ ಅದು ಯಾಕೆ ಬೇಕು ಅನ್ನುವುದು ನನ್ನ ವಾದ. ಸುಮಾ ಒಪ್ಪುವುದಿಲ್ಲ. ಅವಳ ಹತ್ತಿರ ಎರಡಿವೆ.

ಒಳಗೆ ಏನು ಬರೆಯಬೇಕು ಅನ್ನುವುದಕ್ಕೆ ಇನ್ನೊಂದು ಯುದ್ಧ. 'ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ' ಅಂತ ನಾನು. ಎಳ್ಳು-ಬೆಲ್ಲದ ಹಾಗೆ ಇರೋಣ ಅಂತ ಬರಿ, ಕುಸುರೆಳ್ಳಿನ ಚಿತ್ರ ಹಾಕು ಅಂತ ಪದ್ದಕ್ಕ. "ಒಳ್ಳೆ ಮಾತಾಡಿ ಅಂದರೆ ಅವರು ಇಷ್ಟು ದಿನ ಕೆಟ್ಟದ್ದು ಮಾತಾಡ್ತಿದ್ದರು ಅಂತ ಆಗಲ್ವಾ?" ನಮ್ಮ ನೆಂಟರ ಪಟ್ಟಿ ನೋಡಿ ನಾನು ನನ್ನದನ್ನೇ ಇಟ್ಟುಕೊಂಡೆ. ಅವರ ಕಡೆಯವರಿಗೆ ಅವರದು.

ಸಂಜೆಯ ಹೊತ್ತಿಗೆ ಒಂಬತ್ತು ಕಾರ್ಡ್ ಮುಗಿದವು. ನಿಜ ಹೇಳುತ್ತೇನೆ, ಕಣ್ಣು ತುಂಬುವ ಹಾಗಿದ್ದವು. ನಾವು ಮೂವರೂ ಬಾಲ್ಕನಿಗೆ ಹೋಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಬರುವಷ್ಟರಲ್ಲಿ ಪದ್ದಕ್ಕ ತಮ್ಮ ಪಾಲಿನ ಕೆಲಸವನ್ನೂ ಮುಗಿಸಿದ್ದರು. ಒಂಬತ್ತೂ ಕಾರ್ಡಿನ ನಾಲ್ಕೂ ಮೂಲೆಗೆ ಒದ್ದೆ ಬೆರಳಿನಲ್ಲಿ ಅರಿಶಿನ.

"ಹಬ್ಬದ ಕಾಗದಕ್ಕೆ ಅರಿಶಿನ ಇಲ್ಲದೆ ಕಳಿಸ್ತಾರಾ? ಬರೀ ಮೂಲೆ ಇದ್ದರೆ ಸಾವಿನ ಸುದ್ದಿ ಅಂದುಕೊಳ್ಳಲ್ವಾ?"

ಅರಿಶಿನ ಕೂತ ಕಡೆಯೆಲ್ಲ ಹೂವು ಕರಗಿ ಹರಿದಿತ್ತು. ನೀಲಿ ಹೂವಿಗೆ ಅರಿಶಿನ ಬೆರೆತು ಬಾವಿಕಟ್ಟೆಯ ಪಾಚಿ ಆಗಿತ್ತು. ಕೆಂಪು ಹೂವಿನ ಮೂಲೆ ಉಪ್ಪಿನಕಾಯಿ ಜಾಡಿಯ ಬಾಯಿಯ ಹಾಗೆ ಕಾಣುತ್ತಿತ್ತು. ಸುಮಾ ಕುರ್ಚಿಯಲ್ಲಿ ಕೂತವಳು ಐದು ನಿಮಿಷ ಏಳಲಿಲ್ಲ.

ವಿಚಿತ್ರ ಅಂದರೆ, ಮೂಲೆಯ ಹೂವುಗಳ ನಡುವೆ ಅಚ್ಚಾಗಿದ್ದ 'ಸಂಕ್ರಾಂತಿ ಶುಭಾಶಯ' ಅನ್ನುವ ಕಪ್ಪು ಅಕ್ಷರಕ್ಕೆ ಏನೂ ಆಗಿರಲಿಲ್ಲ. ರಾಜೀವ ಪ್ರಿಂಟರ್‌ನ ಪುಸ್ತಕ ಹುಡುಕಿ ಓದಿದ. ನಮ್ಮದರಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್ ಶಾಯಿ, ಅಂದರೆ ಬಣ್ಣದ ಪುಡಿ ಕಾಗದದ ಮೇಲೆ ಅಂಟಿ ಕೂರುತ್ತದೆ. ಉಳಿದ ಮೂರೂ ಡೈ, ನೀರಿನಲ್ಲಿ ಕರಗಿದ ಬಣ್ಣ. ಇನ್ನೊಮ್ಮೆ ನೀರು ಕಂಡರೆ ತವರು ಮನೆ ಕಂಡ ಹಾಗೆ ಓಡುತ್ತದೆ.

"ಹಾಗಾದರೆ ತಪ್ಪು ಅರಿಶಿನದ್ದಲ್ಲ," ಅಂದರು ಪದ್ದಕ್ಕ.

ಹೌದು ಅನ್ನಲೇಬೇಕಾಯಿತು. ಅಂಟಿಸುವುದಕ್ಕೂ ಇದೇ ಪಾಠ. ಬಿಳಿ ಗೋಂದು ನೀರು ಗೋಂದು, ಕಾಗದ ನೆನೆದು ಹಪ್ಪಳದ ಹಾಗೆ ಉಬ್ಬುತ್ತದೆ. ಎರಡು ಕಡೆ ಅಂಟುವ ಟೇಪೇ ಸರಿ.

ಮರುದಿನ ಜೆರಾಕ್ಸ್ ಅಂಗಡಿಗೆ ಹೋದೆವು. ಲೇಸರ್ ಪ್ರಿಂಟ್‌ನಲ್ಲಿ ನೀರಿನ ಮಾತೇ ಇಲ್ಲ. ಟೋನರ್ ಪುಡಿಯನ್ನು ಬಿಸಿಗೆ ಕರಗಿಸಿ ಕಾಗದಕ್ಕೆ ಅಂಟಿಸುತ್ತಾರೆ. ಅರಿಶಿನ ಏನು, ಅಭಿಷೇಕ ಮಾಡಿದರೂ ಹೂವು ಅಲ್ಲಾಡುವುದಿಲ್ಲ. ಆದರೆ ನಾನು ಫೈಲನ್ನು ಚಾಟ್‌ನಲ್ಲಿ ಫೋಟೋ ಅಂತ ಕಳಿಸಿಬಿಟ್ಟೆ. ದಾರಿಯಲ್ಲಿ ಅದು ಸೊರಗಿ ಅರ್ಧವಾಗಿ, ಅಂಗಡಿಯಲ್ಲಿ ಹೊರಬಂದಾಗ ಹೂವಿಗೆ ಮಂಜು ಮುಸುಕಿತ್ತು. ಡಾಕ್ಯುಮೆಂಟ್ ಅಂತ ಮತ್ತೆ ಕಳಿಸಿದೆ. ಆಗ ಸರಿಯಾಯಿತು. ಹಿಂದೆ ಕ್ಯೂನಲ್ಲಿದ್ದ ಹುಡುಗ ಹಾಲ್ ಟಿಕೆಟ್ ಹಿಡಿದುಕೊಂಡು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಲೇಸರ್‌ಗೂ ಒಂದು ಕಾಯಿಲೆ ಇದೆ. ಮಡಚಿದ ಕಡೆ ಟೋನರ್ ಬಿರುಕು ಬಿಟ್ಟು ಬಿಳಿ ಗೆರೆ ಇಣುಕುತ್ತದೆ. ಅದಕ್ಕೆ ಸುಮಾ ದಾರಿ ಕಂಡಳು. ಹೂವಿನ ಕಾಗದ ಮಡಚುವುದೇ ಬೇಡ. ಕಾರ್ಡಿನ ಮುಖಕ್ಕಿಂತ ಸುತ್ತಲೂ 5 ಮಿಲಿಮೀಟರ್ ಚಿಕ್ಕದಾಗಿ ಕತ್ತರಿಸಿ ಮೇಲೆ ಅಂಟಿಸಿದರೆ ಆಯಿತು. ಅಂಚಿನಲ್ಲಿ ಬಿಳಿ ಪಟ್ಟಿ ಉಳಿದು, ಸೀರೆಗೆ ಬಾರ್ಡರ್ ಇಟ್ಟ ಹಾಗೆ ಕಾಣುತ್ತದೆ.

ಸೀರೆ ಅಂದದ್ದೇ ತಡ, ಪದ್ದಕ್ಕ ಎದ್ದು ಮೇಲಿನ ತಮ್ಮ ಮನೆಗೆ ಹೋದರು. ಬರುವಾಗ ಕೈಯಲ್ಲಿ ಅವರ ಅವ್ವನ ಇಳಕಲ್ ಸೀರೆ. ಮೈತುಂಬ ಕಸೂತಿ. ಗೋಪುರ, ತುಳಸಿ ಕಟ್ಟೆ, ಅಂಬಾರಿ ಆನೆ.

"ಇದು ಫೈಲ್ ಆಗುತ್ತಾ?"

ನಮ್ಮ ಪ್ರಿಂಟರ್‌ನ ತಲೆಯ ಮೇಲೆಯೇ ಸ್ಕ್ಯಾನರ್ ಇದೆ. ಸೀರೆ ಹಾಸಿದರೆ ಮುಚ್ಚಳ ಕೂರಲಿಲ್ಲ, ಮೇಲೆ ಅಕ್ಕಿ ಡಬ್ಬ ಇಟ್ಟೆವು. ಮೊದಲ ಸಲ ಚಿತ್ರದ ತುಂಬ ನೀರಿನ ಅಲೆಯಂಥ ಪಟ್ಟೆ ಬಂತು. ನೇಯ್ಗೆಯ ಎಳೆಗೂ ಸ್ಕ್ಯಾನರ್‌ನ ಚುಕ್ಕಿಗೂ ತಾಳ ತಪ್ಪಿದರೆ ಹೀಗಾಗುತ್ತದೆ. ಸೀರೆಯನ್ನು ಸ್ವಲ್ಪ ಓರೆ ಮಾಡಿ, ಇಂಚಿಗೆ 600 ಚುಕ್ಕಿಯಲ್ಲಿ ಹಿಡಿದು, ಆಮೇಲೆ ನೆಟ್ಟಗೆ ಮಾಡಿ 300ಕ್ಕೆ ಇಳಿಸಿದೆವು. ಪಟ್ಟೆ ಹೋಯಿತು. ಮೇಜಿನ ಮೇಲೆ ಆನೆ ಬಂದು ನಿಂತಿತು.

ಇಲ್ಲಿಂದ ಪದ್ದಕ್ಕನೇ ಮೇಷ್ಟ್ರು, ನಾವು ಮೂವರು ಮಕ್ಕಳು. ಇದು ಗವಂತಿ, ಹೋದ ದಾರಿಯಲ್ಲೇ ತಿರುಗಿ ಬಂದು ಗೆರೆ ತುಂಬುವ ಹೊಲಿಗೆ. ಇದು ಮುರ್ಗಿ, ಮೆಟ್ಟಿಲಿನ ಹಾಗೆ ಏರುತ್ತದೆ. ಇದು ನೇಯ್ಗಿ, ಇದು ಮೆಂತೆ. ಗವಂತಿ, ಮುರ್ಗಿ ಎರಡೂ ಹಿಂದೆ ಮುಂದೆ ಒಂದೇ ಥರ ಕಾಣುತ್ತವೆ, ಗಂಟು ಹಾಕುವ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕುವ ಕೆಲಸ.

ಸುಮಾ ಕಂಪ್ಯೂಟರ್ ಮುಂದೆ ಕೂತಿದ್ದವಳು ಥಟ್ಟನೆ ತಿರುಗಿದಳು. ಡಿಜಿಟಲ್ ಪೇಪರ್ ಮಾಡುವವರಿಗೆ ದೊಡ್ಡ ತಲೆನೋವು ಅಂದರೆ ಒಂದು ಚೌಕದ ಬಲ ಅಂಚು ಪಕ್ಕದ ಚೌಕದ ಎಡ ಅಂಚಿಗೆ ಸೇರುವುದು. ಎಳೆ ಎಣಿಸಿ ಹಾಕಿದ ಕಸೂತಿ ಎಲ್ಲಿ ಕತ್ತರಿಸಿದರೆ ಎಲ್ಲಿ ಸೇರುತ್ತದೆ ಅನ್ನುವುದು ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ. ಪದ್ದಕ್ಕನ ಅವ್ವ ಕಂದೀಲಿನ ಬೆಳಕಿನಲ್ಲಿ ಕೂತು ಪಿಕ್ಸೆಲ್ ಎಣಿಸುತ್ತಿದ್ದರು!

ನಾನು ಕೊಂಡ 12 ಡಿಸೈನ್ ಅಲ್ಲಿಗೆ ಮೂಲೆಗೆ ಹೋಯಿತು. ಮುಂದಿನ ಕಾರ್ಡ್ ಎಲ್ಲವೂ ಆನೆಯದೇ.

ರಾಜೀವನಿಗೆ ವ್ಯಾಪಾರ ಬುದ್ಧಿ ಎದ್ದಿತು. "ಅಪಾರ್ಟ್‌ಮೆಂಟ್ ಸಂತೆಯಲ್ಲಿ ಮಾರೋಣ. ಆ ಹೂವಿನದ್ದೂ ಸೇರಿಸಿ."

ಹೂವಿನ ಫೈಲಿನ ಜೊತೆ ಬಂದ ಕರಾರು ಓದಿದೆ. ಸ್ವಂತ ಬಳಕೆಗೆ ಮಾತ್ರ. ಕಾರ್ಡ್ ಮಾಡಿ ಮಾರುವ ಹಾಗಿಲ್ಲ, ಫೈಲನ್ನು ಇನ್ನೊಬ್ಬರಿಗೆ ಕೊಡುವ ಹಾಗೂ ಇಲ್ಲ.

"ಹೋಗಲಿ, ಆನೆ ನಮ್ಮದೇ ಅಲ್ವಾ?"

"ನಮ್ಮದಲ್ಲ, ನಮ್ಮ ಅವ್ವನದು," ಅಂದರು ಪದ್ದಕ್ಕ. "ಸ್ವಂತ ಬಳಕೆಗೆ ಮಾತ್ರ."

25 ಕಾರ್ಡ್ ಆದವು. ಲಕೋಟೆಗೆ ಹಾಕಿ, ಒಂದೊಂದಕ್ಕೂ 5 ರೂಪಾಯಿ ಸ್ಟಾಂಪ್ ಅಂಟಿಸಿ, ಡಬ್ಬಿಗೆ ಹಾಕಿ ಬಂದೆವು.

ಹಬ್ಬದ ದಿನ ಎಲ್ಲರೂ ಮತ್ತೆ ಅದೇ ಮೇಜಿನ ಸುತ್ತ. ಪದ್ದಕ್ಕ ಕುಸುರೆಳ್ಳಿನ ಡಬ್ಬಿ ಇಟ್ಟು ಕೂತರು.

"ಗದಗಿನಿಂದ ಅಕ್ಕ ಫೋನ್ ಮಾಡಿದ್ದಳು. 'ಕಾಗದ ಬಂತು' ಅಂದಳು."

"ಖುಷಿಯಾಯ್ತಾ ಅವರಿಗೆ?"

"ಆಯ್ತಂತೆ. ಪೋಸ್ಟ್‌ಮ್ಯಾನ್‌ಗೆ 10 ರೂಪಾಯಿ ಕೊಟ್ಟು ಬಿಡಿಸಿಕೊಂಡಳಂತೆ."

ರಾಜೀವ ಬಾಯಿಯಲ್ಲಿದ್ದ ಎಳ್ಳನ್ನು ಅಗಿಯುವುದು ನಿಲ್ಲಿಸಿದ. ಕಣ್ಣು ಮೇಲೆ ಹೋಯಿತು. ಲೆಕ್ಕ ನಡೆಯುತ್ತಿತ್ತು. ಎ4 ಅಂದರೆ ಚದರ ಮೀಟರಿನ 16ರಲ್ಲಿ ಒಂದು ಪಾಲು. 250 ಗ್ರಾಮಿನ ಹಾಳೆಯಲ್ಲಿ ಹದಿನೈದೂವರೆ ಗ್ರಾಂ. ಮೇಲೆ ಅಂಟಿಸಿದ ಆನೆ ನಾಲ್ಕು ಗ್ರಾಂ. ಆಮೇಲೆ ಟೇಪು, ಲಕೋಟೆ, ಅರಿಶಿನ. 5 ರೂಪಾಯಿ ಸ್ಟಾಂಪ್‌ಗೆ ಹೋಗುವುದು 20 ಗ್ರಾಂ ಮಾತ್ರ. ಕಡಿಮೆ ಬಿದ್ದದ್ದು 5 ರೂಪಾಯಿ. ಅದರ ಎರಡರಷ್ಟನ್ನು ಪಡೆದವರು ಕಟ್ಟಬೇಕು.

"ಮೊದಲ ದಿನ ಇದಕ್ಕೆ ತೂಕವೇ ಇಲ್ಲ ಅಂದಿದ್ದೆ," ಅಂದರು ಪದ್ದಕ್ಕ. "ಒಟ್ಟು ಎಷ್ಟು ಹಾಕಿದ್ವಿ?"

"25."

ಯಾರೂ ಮಾತಾಡಲಿಲ್ಲ. ನನ್ನ ಫೋನ್ ಹೊಡೆದುಕೊಂಡಿತು. ಮೈಸೂರಿನಿಂದ, ಅತ್ತೆ.